ಇಟಲಿಯಲ್ಲಿ ಬನ್ನಿ ಹಬ್ಬ

ಬೆಳಗಾವಿಯ ದಂಡು ಪ್ರದೇಶದ ಸಮೀಪದಲ್ಲಿ ಮನೆ ಮಾಡಿಕೊಂಡವರಿಗೆ ಬೆಳಗಿನ ಹೊತ್ತು ಗಡಿಯಾರವನ್ನು ನೋಡುವ ಅವಶ್ಯಕತೆ ಇಲ್ಲ. ಮರಾಠಾ ಲಘು ಪದಾತಿ ದಳದ ಕೇಂದ್ರವು ಬಹುಕಾಲದಿಂದ ಈ ಊರಿನಲ್ಲಿ ನೆಲೆಸಿರುವುದರಿಂದ ಅಲ್ಲಿಯ ಕಹಳೆಯೇ ನಮ್ಮನ್ನು ಎಬ್ಬಿಸುತ್ತದೆ. ಮೂವತ್ತಮೂರು ವರ್ಷ ಸಂಸ್ಕೃತ ಪಾಠ ಹೇಳಿ ನಿವೃತ್ತರಾದ ನಾವು ಆ ಧ್ವನಿಯನ್ನು ಕೇಳುತ್ತಲೇ ಸ್ನಾನಕ್ಕೆ ಏಳುವ ವಾಡಿಕೆಯುಳ್ಳವರು. ಸಿಪಾಯಿಗಳನ್ನು ದಿನವೂ ಕಂಡಿದ್ದೇವೆ. ಅವರ ಮಕ್ಕಳಿಗೆ ಪಾಠ ಹೇಳಿದ್ದೇವೆ. ಎರಡು ವರ್ಷಕ್ಕೋ ಮೂರು ವರ್ಷಕ್ಕೋ ತಂದೆಗೆ ವರ್ಗವಾಯಿತೆಂದು ಆ ಮಕ್ಕಳ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕಿಯೂ ಇದ್ದೇವೆ. ಆದುದರಿಂದ ಸಿಪಾಯಿಯ ಸಂಸಾರವೆಂದರೆ ಬುನಾದಿಯಿಲ್ಲದ ಮನೆಯೆಂಬ ಭಾವನೆಯು ನಮ್ಮಲ್ಲಿ ಬಲವಾಗಿ ಬೇರೂರಿದ್ದಿತು.

ಇಂತಹ ನಮ್ಮ ಒಬ್ಬಳೇ ಮಗಳು ಸೇನೆಯವರನ್ನೇ ಕೈಹಿಡಿದಳು. ಅದೂ ನಮ್ಮ ದೇಶದ ಸೇನೆಯಲ್ಲ. ಅಳಿಯಂದಿರ ತಂದೆತಾಯಿಗಳು ಹುಬ್ಬಳ್ಳಿಯ ಕಡೆಯವರು. ಮಗನು ಬಾಲಕನಾಗಿದ್ದಾಗಲೇ ಅಮೇರಿಕೆಗೆ ಹೋಗಿ ಅಲ್ಲಿಯವರಾದರು. ಆ ಹುಡುಗನು ದೊಡ್ಡವನಾಗಿ ಆ ದೇಶದ ಸೇನೆಯಲ್ಲಿ ಸಾಮಗ್ರಿಗಳನ್ನು ಪೂರೈಸುವ ವಿಭಾಗಕ್ಕೆ ಅಧಿಕಾರಿಯಾದನು. ವರನು ವಿನಯಶಾಲಿ, ಶುದ್ಧವಾದ ಕನ್ನಡವನ್ನು ಆಡುವವನು, ಮಗಳಿಗೆ ಒಪ್ಪಿಗೆ. ನಾವು ಬೇಡವೆನ್ನಲಿಲ್ಲ. ಆದರೆ ಪರರ ದಂಡಿನ ಪೋಷಾಕಿನ ವಿಷಯದಲ್ಲಿ ಒಂದು ಮುಳ್ಳು ನಮ್ಮ ಮನಸ್ಸಿನಲ್ಲಿ ಉಳಿದುಹೋಯಿತು. ಮದುವೆಯಾದ ಎರಡನೆಯ ವರ್ಷ ಅವರಿಗೆ ಇಟಲಿಯ ವಿಚೆಂಜಾ ನಗರಕ್ಕೆ ವರ್ಗವಾಯಿತು. ಕುಟುಂಬ ಸಮೇತರಾಗಿ ಅಲ್ಲಿಗೆ ಹೋಗುವವರಿಗೆ ಸಾಮಾನ್ಯವಾಗಿ ಮೂವತ್ತಾರು ತಿಂಗಳ ಅವಧಿ. ಮಗಳು ತನ್ನ ಶಾಲೆಯ ಕೆಲಸವನ್ನು ಬಿಟ್ಟು ಹೊರಟಳು.

2024ನೆಯ ಇಸವಿಯಲ್ಲಿ ಗಣೇಶನ ಹಬ್ಬವನ್ನು ಪೂರೈಸಿಕೊಂಡು ನಾವೂ ನಮ್ಮ ಮನೆಯವರೂ ಇಟಲಿಗೆ ಪ್ರಯಾಣ ಮಾಡಿದೆವು. ದೇಶ ನೋಡುವ ಕುತೂಹಲವು ಇರಲಿಲ್ಲವೆಂದಲ್ಲ. ಆದರೆ ಮುಖ್ಯವಾದ ಉದ್ದೇಶವು ಬೇರೆಯಿದ್ದಿತು. ಕಾರ್ತಿಕ ಮಾಸದಿಂದ ಅಳಿಯಂದಿರು ಐದು ತಿಂಗಳು ದಂಡಿನೊಡನೆ ಬೇರೆಡೆಗೆ ಹೋಗಬೇಕಾಗಿದೆಯೆಂದು ಮಗಳು ಬರೆದಿದ್ದಳು. ಪರದೇಶದಲ್ಲಿ ಒಬ್ಬಳೇ ಹೆಣ್ಣುಮಗಳು ಐದು ತಿಂಗಳು ಇರುವುದೆಂದರೇನು? ಅವಳನ್ನು ಬೆಳಗಾವಿಗೆ ಕರೆತರುವುದೆಂದು ನಾವು ಸಂಕಲ್ಪ ಮಾಡಿಕೊಂಡಿದ್ದೆವು. ಈ ಮಾತನ್ನು ಅವಳಿಗೆ ಮುಂಚಿತವಾಗಿ ತಿಳಿಸಿರಲಿಲ್ಲ.

ವಿಚೆಂಜಾ ನಗರವು ವೆನಿಸ್ಸಿಗೆ ಪಶ್ಚಿಮದಲ್ಲಿ, ರೈಲಿನಲ್ಲಿ ಒಂದು ಗಂಟೆಯೊಳಗಿನ ಹಾದಿಯಲ್ಲಿದೆ. ಉತ್ತರಕ್ಕೆ ಆಲ್ಪ್ಸ್ ಪರ್ವತದ ತಪ್ಪಲು, ದಕ್ಷಿಣಕ್ಕೆ ಬೆರಿಕೊ ಎಂಬ ಗುಡ್ಡಗಳ ಸಾಲು. ಆ ಗುಡ್ಡದ ಮೇಲಣ ಮಾತೃದೇವಾಲಯಕ್ಕೆ ಏರುವ ಯಾತ್ರಿಕರಿಗೆ ಬಿಸಿಲು ಮಳೆಗಳ ಬಾಧೆ ತಟ್ಟದಂತೆ ನೂರೈವತ್ತು ಕಮಾನುಗಳ ಮಂಟಪವನ್ನು ಹದಿನೆಂಟನೆಯ ಶತಮಾನದಲ್ಲಿ ಕಟ್ಟಿದ್ದಾರೆ. ಹದಿನಾರನೆಯ ಶತಮಾನದಲ್ಲಿ ಪಲ್ಲಾಡಿಯೊ ಎಂಬ ಶಿಲ್ಪಿಯು ಈ ಊರಿನಲ್ಲಿ ಕಟ್ಟಿದ ಸೌಧಗಳು ಎಷ್ಟು ಪ್ರಸಿದ್ಧವೆಂದರೆ, 1994ರಲ್ಲಿ ಈ ನಗರವನ್ನು ವಿಶ್ವಪರಂಪರೆಯ ಪಟ್ಟಿಯಲ್ಲಿ ಸೇರಿಸಿದರು. ಇಂತಹ ಊರಿನ ಒಂದು ಅಂಚಿನಲ್ಲಿ 1955ರಿಂದಲೂ ಅಮೇರಿಕೆಯ ಸೇನಾಠಾಣೆಯಿದೆ. ಅದಕ್ಕೆ ಎಡೆರ್ಲೆ ಎಂದು ಹೆಸರು. ದಂಡಿನವರ ಸಂಸಾರಗಳಿಗಾಗಿ ಕಟ್ಟಿಸಿದ ಬಡಾವಣೆಗೆ ಇಟಲಿಯ ಭಾಷೆಯಲ್ಲಿ 'ಶಾಂತಿಗ್ರಾಮ' ಎಂಬ ಅರ್ಥದ ಹೆಸರಿಟ್ಟಿರುವುದನ್ನು ಕೇಳಿ ನಮಗೆ ನಗು ಬಂದಿತು. ಅಳಿಯಂದಿರು ನಗಲಿಲ್ಲ. "ಮಾವನವರೇ, ಶಾಂತಿ ಬೇಕೆಂಬುದು ನಮಗಿಂತ ಹೆಚ್ಚಾಗಿ ಯಾರಿಗೆ ಗೊತ್ತು?" ಎಂದರು.

ನಮ್ಮ ಮಕ್ಕಳು ಆ ಬಡಾವಣೆಯಲ್ಲಿರದೆ ಊರೊಳಗಣ ಒಂದು ಮನೆಯ ಮೇಲಂತಸ್ತನ್ನು ಬಾಡಿಗೆಗೆ ಹಿಡಿದಿದ್ದರು. ಹೊಸದಾಗಿ ಬಂದ ದಂಪತಿಗಳು ಇಲ್ಲಿ ಬಿಡಾರ ಹೂಡುವ ಕ್ರಮವನ್ನು ಮಗಳು ವಿವರಿಸಿದಳು. ಬರುವುದಕ್ಕೆ ಮೊದಲೇ ಠಾಣೆಯವರು ಒಬ್ಬ ಹಳಬರನ್ನು ಇವರಿಗೆ ದಿಕ್ಕು ತೋರಿಸುವುದಕ್ಕೆ ನೇಮಿಸುತ್ತಾರೆ. ಮೊದಲ ಕೆಲವು ವಾರ ಅತಿಥಿಗೃಹದಲ್ಲಿ ವಾಸ. ಅನಂತರ ಮನೆ ಹುಡುಕಾಟ. ಇಲ್ಲಿಯ ಎಷ್ಟೋ ಬಾಡಿಗೆ ಮನೆಗಳಲ್ಲಿ ಗೋಡೆಯ ಕಪಾಟುಗಳಿಲ್ಲ. ಕೆಲವದರಲ್ಲಿ ದೀಪದ ಬುಡ್ಡಿಗಳೂ ಇರುವುದಿಲ್ಲ. ಬಟ್ಟೆಯ ಅಲಮಾರು, ಒಲೆ, ಫ್ರಿಜ್ಜು ಮೊದಲಾದವುಗಳನ್ನು ಸೇನೆಯವರು ಎರವಲು ಕೊಡುತ್ತಾರೆ. ಅವಧಿ ತೀರಿದ ಮೇಲೆ ಅವೆಲ್ಲ ಹಿಂದಕ್ಕೆ ಹೋಗತಕ್ಕವು. ಅಮೇರಿಕೆಯಿಂದ ತಂದ ಯಂತ್ರಗಳು 110 ವೋಲ್ಟಿನವು, ಇಟಲಿಯ ವಿದ್ಯುತ್ತು 230 ವೋಲ್ಟಿನದು. ನಡುವೆ ಇಟ್ಟಿಗೆಯಷ್ಟು ಭಾರವಾದ ಒಂದು ಪೆಟ್ಟಿಗೆಯನ್ನು ಇಡದಿದ್ದರೆ ಯಂತ್ರವು ಸುಟ್ಟುಹೋಗುತ್ತದೆ. ನಮ್ಮ ಮನೆಯವರು ಬೆಳಗಾವಿಯಿಂದ ಹೊತ್ತು ತಂದ ಮಿಕ್ಸರಿಗೆ ಮಾತ್ರ ಈ ತೊಡಕಿರಲಿಲ್ಲ. ಅದು ಮೊದಲನೆಯ ದಿನವೇ ಭರ್‌ ಎಂದು ತಿರುಗಿ ಚಟ್ನಿಯನ್ನು ಅರೆಯಿತು. ಆದರೆ ಸಾಮಾನ್ಯ ಮನೆಗೆ ಮೂರು ಕಿಲೋವ್ಯಾಟಿನ ವಿದ್ಯುತ್ತು ಮಾತ್ರವೇ ಸಲ್ಲುವುದರಿಂದ, ಬಟ್ಟೆ ಒಗೆಯುವ ಯಂತ್ರವೂ ನೀರು ಕಾಯಿಸುವ ಯಂತ್ರವೂ ಇಸ್ತ್ರಿಯೂ ಏಕಕಾಲದಲ್ಲಿ ನಡೆದರೆ ಮನೆಯೆಲ್ಲ ಕತ್ತಲೆ. ಮಧ್ಯಾಹ್ನ ಹನ್ನೆರಡೂವರೆಗೆ ಮುಚ್ಚಿದ ಅಂಗಡಿಗಳು ಮೂರೂವರೆಯವರೆಗೆ ತೆರೆಯವು. ಯಾವ ದಿನ ಯಾವ ಕಸವನ್ನು ಹೊರಗಿಡಬೇಕೆಂಬುದಕ್ಕೂ ಒಂದು ಪಂಚಾಂಗವುಂಟು. ಮಗಳು ಇದೆಲ್ಲವನ್ನೂ ನಾವು ಒಂದು ಕಾಲಕ್ಕೆ ಶಬ್ದರೂಪಾವಳಿಯನ್ನು ಕಲಿತಂತೆ ಕಲಿತುಕೊಂಡಿದ್ದಳು.

ಕೆಳಗಣ ಅಂತಸ್ತಿನಲ್ಲಿ ಮನೆಯೊಡತಿಯಾದ ವೃದ್ಧೆಯೊಬ್ಬರ ವಾಸ. ಠಾಣೆಯನ್ನು ಊರಿನ ಇನ್ನೊಂದು ಮಗ್ಗುಲಿಗೂ ವಿಸ್ತರಿಸುವರೆಂದು 2007ರಲ್ಲಿ ಸಾವಿರಾರು ನಾಗರಿಕರು ಬೀದಿಗಿಳಿದು ವಿರೋಧಿಸಿದಾಗ ಈ ಮುದುಕಿಯೂ ಮೆರವಣಿಗೆಯಲ್ಲಿ ನಡೆದವರಂತೆ. ಆ ವಿರೋಧವು ಫಲಿಸಲಿಲ್ಲ. ಹೊಸ ಠಾಣೆಯು 2013ರಲ್ಲಿ ತೆರೆಯಿತು. ಅವರ ಅಭಿಪ್ರಾಯವು ಇಂದಿಗೂ ಬದಲಾಗಿಲ್ಲವೆಂದು ಮಗಳೇ ಹೇಳಿದಳು. ಆದರೆ ಅಳಿಯಂದಿರು ಊರಲ್ಲಿಲ್ಲದ ರಾತ್ರಿಗಳಲ್ಲಿ ಆಕೆ ಮೆಟ್ಟಿಲೇರಿ ಬಂದು ಬಾಗಿಲನ್ನು ತಟ್ಟಿ, ಮಗಳ ಮುಖವನ್ನು ನೋಡಿಕೊಂಡೇ ಮಲಗುತ್ತಾರೆ.

ಇನ್ನು ವಿರಾಮದ ದಿನಗಳ ವಿಷಯ. ಅಮೇರಿಕೆಯ ಸೇನೆಯಲ್ಲಿ ವರ್ಷಕ್ಕೆ ಮೂವತ್ತು ದಿನ ರಜೆ. ಅದಲ್ಲದೆ ಸರಕಾರಿ ಹಬ್ಬವು ಸೋಮವಾರ ಬಂದರೆ ಬಹುಮಟ್ಟಿಗೆ ಅದರ ಹಿಂದಣ ಶುಕ್ರವಾರವನ್ನೂ ಬಿಡುವು ಮಾಡಿ ನಾಲ್ಕು ದಿನಗಳನ್ನು ಒಟ್ಟಿಗೆ ಕೊಡುವ ವಾಡಿಕೆಯಿದೆ. ಈ ದಂಪತಿಗಳು ಅಡುಗೆಮನೆಯ ಗೋಡೆಗೆ ಇಟಲಿಯ ಭೂಪಟವೊಂದನ್ನು ಅಂಟಿಸಿದ್ದರು. ಕಂಡ ಊರಿಗೆಲ್ಲ ಕುಂಕುಮದ ಚುಕ್ಕೆ. ನಾವು ಹೋಗುವಷ್ಟರಲ್ಲಿ ಮೂವತ್ತೊಂದು ಚುಕ್ಕೆಗಳಾಗಿದ್ದವು. ನಮಗೆ ಒಳಗೊಳಗೇ ಅಸಮಾಧಾನ. ಮೂರು ವರ್ಷದ ಮೇಲೆ ಬಿಟ್ಟುಹೋಗತಕ್ಕ ದೇಶದಲ್ಲಿ ಇಷ್ಟು ತಿರುಗಾಟಕ್ಕೆ ಹಣ ಸುರಿಯುವುದೇಕೆ, ಆ ದುಡ್ಡಿನಲ್ಲಿ ಹುಬ್ಬಳ್ಳಿಯಲ್ಲೊಂದು ನಿವೇಶನವನ್ನಾದರೂ ಕೊಳ್ಳಬಾರದೇ ಎನಿಸಿತು.

ಆದರೂ ಅವರೊಡನೆ ನಾವೂ ತಿರುಗಿದೆವು. ಊರ ಹೊರಗಣ ದಿಬ್ಬದ ಮೇಲೆ ಪಲ್ಲಾಡಿಯೊ ನಿರ್ಮಿಸಿದ 'ರೊಟೊಂಡಾ' ಎಂಬ ವಿಹಾರಸೌಧವಿದೆ. ನಾಲ್ಕು ದಿಕ್ಕಿಗೂ ಒಂದೇ ತೆರನಾದ ನಾಲ್ಕು ಮುಖಮಂಟಪಗಳು. ಯಾವುದು ಎದುರು, ಯಾವುದು ಹಿತ್ತಲು ಎಂದು ಹೇಳುವಂತಿಲ್ಲ. ಅದನ್ನು ಕಂಡೊಡನೆ ನಮಗೆ ಕಾರ್ಕಳದ ಚತುರ್ಮುಖ ಬಸದಿಯ ನೆನಪಾಯಿತು. ರೊಟೊಂಡಾದ ಕೆಲಸ ಆರಂಭವಾದದ್ದು 1560ರ ದಶಕದಲ್ಲಿ, ನಮ್ಮ ಬಸದಿಯು 1586ರದು. ಒಬ್ಬರ ವಾರ್ತೆ ಇನ್ನೊಬ್ಬರಿಗಿಲ್ಲದ ಇಬ್ಬರು ಶಿಲ್ಪಿಗಳು ಹೆಚ್ಚು ಕಡಿಮೆ ಒಂದೇ ತಲೆಮಾರಿನಲ್ಲಿ ನಾಲ್ಕು ದಿಕ್ಕಿಗೂ ಸಮನಾಗಿ ಬಾಗಿಲು ತೆರೆದಿದ್ದರು. ಇನ್ನೊಂದು ದಿನ ಬಸ್ಸಾನೊ ಎಂಬ ಊರಿನಲ್ಲಿ ಬ್ರೆಂತಾ ನದಿಯ ಮೇಲಣ ಮರದ ಸೇತುವೆಯನ್ನು ನೋಡಿದೆವು. ಮೇಲೆ ಸೂರು ಹೊದಿಸಿದ ಈ ಸೇತುವೆಗೆ ಪಲ್ಲಾಡಿಯೊ 1569ರಲ್ಲಿ ನಕ್ಷೆ ಹಾಕಿದನು. ಪ್ರವಾಹದಿಂದಲೂ ಯುದ್ಧದಿಂದಲೂ ಅದು ಹಲವು ಸಲ ಹಾಳಾಯಿತು. 1945ರಲ್ಲಿ ನಾಶವಾದುದನ್ನು 1948ರಲ್ಲಿ ಮತ್ತೆ ಕಟ್ಟಿದರು. ಪ್ರತಿ ಸಲವೂ ಹಳೆಯ ನಕ್ಷೆಯನ್ನೇ ಹಿಡಿದು ಕಟ್ಟಿದುದರಿಂದ ಮರವು ಹೊಸದಾದರೂ ಸೇತುವೆಯು ಹಳೆಯದೇ. ಪಾದುವಾ ನಗರದ ವಿಶ್ವವಿದ್ಯಾಲಯದವರು ಔಷಧಿಯ ಗಿಡಗಳ ಪರಿಚಯಕ್ಕಾಗಿ 1545ರಲ್ಲಿ ಸ್ಥಾಪಿಸಿದ ತೋಟದಲ್ಲಿ, 1585ರಲ್ಲಿ ನೆಟ್ಟ ಒಂದು ತಾಳೆಯ ಜಾತಿಯ ಮರವು ಗಾಜಿನ ಮನೆಯೊಳಗೆ ಇಂದಿಗೂ ಚಿಗುರುತ್ತಿದೆ. ನಮ್ಮ ಮನೆಯವರು ಅದಕ್ಕೆ ಕೈಮುಗಿದರು. ಅಲ್ಲಿದ್ದ ವಿದ್ಯಾರ್ಥಿಗಳು ಬೆರಗಾಗಿ ನೋಡಿದರು.

ಈ ತಿರುಗಾಟಗಳಲ್ಲಿ ನಾವು ಒಂದು ಸಂಗತಿಯನ್ನು ಗಮನಿಸಿದೆವು. ಮಗಳು ಎಲ್ಲಿಗೆ ಹೋದರೂ ಅಲ್ಲಿಂದ ಏನಾದರೊಂದು ಚಿಕ್ಕ ವಿದ್ಯೆಯನ್ನು ತರುವಳು. ಬಸ್ಸಾನೊ ಊರಿನವಳೊಬ್ಬಳಿಂದ ಬಿಳಿಯ ಶತಾವರಿಯನ್ನು ಬೇಯಿಸುವ ಕ್ರಮ, ಪಾದುವಾದ ಸಂತೆಯಲ್ಲಿ ಚೌಕಾಸಿಯ ಮಾತುಗಳು, ವೆನಿಸ್ಸಿನಲ್ಲಿ ನೀರು ಏರುವ ಮುನ್ಸೂಚನೆಯನ್ನು ಓದುವ ಬಗೆ. ನಮಗೆ ಆಗ 'ಪ್ರವಾಸ' ಎಂಬ ಶಬ್ದವು ಹೊಸದಾಗಿ ಹೊಳೆಯಿತು. ನಾವಿಂದು ಅದನ್ನು ಊರು ನೋಡಿ ಬರುವುದೆಂಬ ಅರ್ಥದಲ್ಲಿ ಆಡುತ್ತೇವೆ. ಮೂಲದಲ್ಲಿ ಅದು 'ವಸ್' ಧಾತುವಿನಿಂದ ಬಂದುದು. ಮನೆಯಿಂದ ದೂರದಲ್ಲಿ ವಾಸಮಾಡುವುದೆಂದೇ ಅದರ ಅರ್ಥ. ಕಾಳಿದಾಸನ ಯಕ್ಷನು ರಾಮಗಿರಿಯಲ್ಲಿ ಒಂದು ವರ್ಷ ಕಳೆದುದು ಈ ಅರ್ಥದ ಪ್ರವಾಸವನ್ನು. ನಮ್ಮ ಮಕ್ಕಳು ಮಾಡುತ್ತಿದ್ದುದರಲ್ಲಿ ಎರಡು ಅರ್ಥಗಳೂ ಕೂಡಿದ್ದವು. ಎರವಲು ಬಂದ ದೇಶವನ್ನು ಅವರು ಒಂದೊಂದೇ ರಜೆಯ ದಿನ ತಿರುಗಿ ತಿರುಗಿ ವಾಸಕ್ಕೆ ತಂದುಕೊಳ್ಳುತ್ತಿದ್ದರು. ಹೀಗೆ ತಿಳಿದ ಮೇಲೂ ನಮ್ಮ ಸಂಕಲ್ಪವು ಸಡಿಲಲಿಲ್ಲ. ಒಂದು ಸಂಜೆ ಮಗಳು ತಾನಾಗಿಯೇ ಕೇಳಿದಳು: "ಅಪ್ಪಾ, ನನ್ನ ಕರಕೊಂಡು ಹೋಗಲಿಕ್ಕೆ ಬಂದೀರೇನು?" ನಾವು ಹೌದೆಂದೆವು. ಅವಳು ಏನನ್ನೂ ಹೇಳದೆ ಪಾತ್ರೆಗಳನ್ನು ತೊಳೆಯಲು ಎದ್ದಳು. ಅಳಿಯಂದಿರು ಮಾತ್ರ ತಗ್ಗಿದ ಧ್ವನಿಯಲ್ಲಿ, "ಅವಳ ಇಷ್ಟ ಹೇಗೋ ಹಾಗೆ, ಮಾವನವರೇ. ನಾನು ಇರು ಎನ್ನಲಾರೆ, ಹೋಗು ಎಂದೂ ಅನ್ನಲಾರೆ" ಎಂದರು.

ಅಷ್ಟರಲ್ಲಿ ನವರಾತ್ರಿ ಬಂದಿತು. ಆ ವರ್ಷ ಅಕ್ಟೋಬರ 11 ಶುಕ್ರವಾರ ಆಯುಧಪೂಜೆ, 12 ಶನಿವಾರ ವಿಜಯದಶಮಿ. 14ನೆಯ ತಾರೀಖು ಸೋಮವಾರ ಕೊಲಂಬಸನ ಹೆಸರಿನ ಅಮೇರಿಕೆಯ ರಜೆ. ನಾಲ್ಕು ದಿನಗಳ ಬಿಡುವು ತಾನಾಗಿಯೇ ಕೂಡಿಬಂದಿತು. ಸೈನಿಕನ ಮನೆಯಲ್ಲಿ ಆಯುಧಪೂಜೆ ಹೇಗೆ ನಡೆಯುವುದೋ ನೋಡೋಣವೆಂದಿದ್ದೆವು. ಮನೆಯಲ್ಲಿ ಆಯುಧವೇ ಇಲ್ಲ. ಅವೆಲ್ಲ ಠಾಣೆಯ ಕೋಣೆಯಲ್ಲಿ ಬೀಗದೊಳಗೆ. ಮೋಟಾರಿಗೂ ಮಿಕ್ಸರಿಗೂ ಮಗಳ ಹೊಲಿಗೆ ಯಂತ್ರಕ್ಕೂ ನಮ್ಮ ಅಮರಕೋಶಕ್ಕೂ ಗಂಧ ಹಚ್ಚಿ ಆರತಿ ಎತ್ತಿದೆವು.

ಮರುದಿನ ಎಲ್ಲಿಗೆ ಹೋಗುವುದೆಂಬ ಪ್ರಶ್ನೆಗೆ ಅಳಿಯಂದಿರು, "ಈ ಸಲ ನಿಮ್ಮ ಬೆಳಗಾವಿಗೇ ಹೋಗೋಣ" ಎಂದು ನಕ್ಕರು. ನಮಗೆ ಅರ್ಥವಾಗಲಿಲ್ಲ. ನಸುಕಿನಲ್ಲಿಯೇ ಹೊರಟು, ಬೊಲೋನ್ಯಾ ನಗರವನ್ನು ದಾಟಿ, ಫೋರ್ಲಿ ಎಂಬ ಪಟ್ಟಣದ ಹೊರಗೆ ಮೋಟಾರನ್ನು ನಿಲ್ಲಿಸಿದರು. ಎದುರಿಗೆ ಭಾರತೀಯ ಸೇನೆಯ ಸಮಾಧಿಸ್ಥಳ. ಎರಡನೆಯ ಮಹಾಯುದ್ಧದಲ್ಲಿ ಭಾರತದ ನಾಲ್ಕು, ಎಂಟು, ಹತ್ತನೆಯ ಡಿವಿಜನ್ನುಗಳಿಂದ ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಇಟಲಿಯಲ್ಲಿ ಹೋರಾಡಿದರು. ಅವರಲ್ಲಿ 5,782 ಜನರು ಹಿಂದಿರುಗಲಿಲ್ಲ. ಫೋರ್ಲಿಯಲ್ಲಿ ಹೂಳಲ್ಪಟ್ಟವರ ಕಲ್ಲುಗಳಲ್ಲದೆ, ತಂತಮ್ಮ ಧರ್ಮದಂತೆ ದಹನಸಂಸ್ಕಾರ ಹೊಂದಿದ ಏಳುನೂರಕ್ಕೂ ಮಿಕ್ಕಿದವರ ಹೆಸರುಗಳನ್ನು ಕೆತ್ತಿದ ಸ್ಮಾರಕವೂ ಇದೆ. ಹುಲ್ಲನ್ನು ಒಪ್ಪವಾಗಿ ಕತ್ತರಿಸಿದ್ದರು. ನಾವು ನಾಲ್ವರಲ್ಲದೆ ಅಲ್ಲಿ ಯಾರೂ ಇರಲಿಲ್ಲ. ನಾವು ಒಂದು ಕಾಲಕ್ಕೆ ಹಾಜರಿ ಪುಸ್ತಕದಲ್ಲಿ ಕೂಗಿದಂತಹ ಹೆಸರುಗಳನ್ನೇ ಅಲ್ಲಿ ಓದಿದೆವು; ಓದುವಾಗ ಕಂಠ ಬಿಗಿಯಿತು.

ಅಲ್ಲಿಂದ ಮುಂದೆ ಬೆಟ್ಟಗಳ ಹಾದಿ. ಮಧ್ಯಾಹ್ನದ ಹೊತ್ತಿಗೆ ಉಂಬ್ರಿಯಾ ಪ್ರಾಂತದಲ್ಲಿ, ತಿಬೆರ್ ನದಿಯ ಕಣಿವೆಯ ಮೇಲಣ ಮೊಂಟೋನ್ ಎಂಬ ಕೋಟೆಯೂರನ್ನು ಸೇರಿದೆವು. ಇಲ್ಲಿಯ ಕದನದಲ್ಲಿ 1944ನೆಯ ಇಸವಿ ಜುಲೈ 10ರಂದು, ಐದನೆಯ ಮರಾಠಾ ಲಘು ಪದಾತಿ ದಳದ ಮೂರನೆಯ ಬೆಟಾಲಿಯನ್ನಿನ ನಾಯಕ ಯಶವಂತ ಘಾಡಗೆಯವರ ಚಿಕ್ಕ ತುಕಡಿಯು ಶತ್ರುವಿನ ಮೆಷಿನ್‌ಗನ್ನಿಗೆ ಸಿಕ್ಕಿತು. ಅವರೊಬ್ಬರನ್ನು ಬಿಟ್ಟು ಉಳಿದವರೆಲ್ಲ ಸತ್ತರು ಇಲ್ಲವೆ ಗಾಯಗೊಂಡರು. ಇಪ್ಪತ್ತೆರಡು ವರ್ಷದ ಆ ತರುಣರು ಒಬ್ಬರೇ ಮುನ್ನುಗ್ಗಿ ಗ್ರೆನೇಡನ್ನೆಸೆದು ಬಂದೂಕನ್ನು ಅಡಗಿಸಿದರು; ಗುಂಡು ತುಂಬಲು ಸಮಯ ಸಾಲದೆ ಆಯುಧದ ಹಿಡಿಯಿಂದಲೇ ಕೊನೆಯಿಬ್ಬರನ್ನು ಎದುರಿಸಿದರು; ಆ ಠಾವನ್ನು ಗೆದ್ದ ಮರುಕ್ಷಣದಲ್ಲಿ ತಾವೂ ಗುಂಡಿಗೆ ಬಲಿಯಾದರು. ಅವರಿಗೆ ಸಮಾಧಿಯೆಂಬುದು ತಿಳಿದಿಲ್ಲ. ಹೆಸರು ಕಾಸ್ಸಿನೊ ಸ್ಮಾರಕದಲ್ಲಿದೆ. ಮರಣಾನಂತರ ಬಂದ ವಿಕ್ಟೋರಿಯಾ ಕ್ರಾಸ್ ಪದಕವನ್ನು ಅವರ ಪತ್ನಿಯು ಸ್ವೀಕರಿಸಿದರು. ಇಂದಿನ ಬೆಳಗಾವಿಯ ದಳವೇ ಅವರ ದಳ. ಅದರ ಕಹಳೆಯನ್ನು ಜನ್ಮವಿಡೀ ಕೇಳಿದ ನಾವು ಈ ವೃತ್ತಾಂತದ ನೆಲವನ್ನು ಕಾಣಲು ಪರದೇಶದ ಸೈನಿಕನೆಂದು ನಾವು ದೂರವಿಟ್ಟ ಅಳಿಯನೇ ಬೇಕಾಯಿತು. ಆ ಮರಾಠಾ ತರುಣರು ಪ್ರಾಣ ಕೊಟ್ಟಾಗಲೂ ಮೇಲೆ ಹಾರುತ್ತಿದ್ದುದು ನಮ್ಮ ಬಾವುಟವಾಗಿರಲಿಲ್ಲವೆಂಬುದು ಆಗ ನೆನಪಾಗಿ ನಾವು ತಲೆ ತಗ್ಗಿಸಿದೆವು.

2023ರ ಜುಲೈ ತಿಂಗಳಲ್ಲಿ ಮೊಂಟೋನಿನವರು ಆ ವೀರರ ಹೆಸರಿನಲ್ಲಿ ಒಂದು ನೆರಳುಗಡಿಯಾರವನ್ನು ಸ್ಥಾಪಿಸಿದರು. ನಾವೆಲ್ಲರೂ ಒಂದೇ ಸೂರ್ಯನ ಕೆಳಗೆ ಬಾಳುವವರು ಎಂಬರ್ಥದ ಲ್ಯಾಟಿನ್ ವಾಕ್ಯವು ಅದರ ಧ್ಯೇಯ. ಲ್ಯಾಟಿನ್ನಿನ 'ಸೋಲ್' ಎಂಬುದೂ ನಮ್ಮ 'ಸೂರ್ಯ' ಎಂಬುದೂ ಒಂದೇ ಮೂಲದಿಂದ ಹುಟ್ಟಿದ ಶಬ್ದಗಳೆಂದು ಅಳಿಯಂದಿರಿಗೆ ಹೇಳಿದೆವು. ನೆರಳಿಗೂ ಕೈಗಡಿಯಾರಕ್ಕೂ ಸುಮಾರು ಒಂದು ಗಂಟೆಯ ವ್ಯತ್ಯಾಸವಿದ್ದಿತು. ಬೇಸಗೆಯಲ್ಲಿ ಗಡಿಯಾರವನ್ನು ಮುಂದಿಟ್ಟುಕೊಳ್ಳುವ ಇಲ್ಲಿಯ ಪದ್ಧತಿಯನ್ನು ಸೂರ್ಯನು ಒಪ್ಪಿಲ್ಲ. ಕೈಗಡಿಯಾರದಂತೆ ಮೂರು ಗಂಟೆ. ಬೆಳಗಾವಿಯಲ್ಲಿ ಆಗ ಸಂಜೆ ಆರೂವರೆ. ಜನರು ಸೀಮೋಲ್ಲಂಘನವನ್ನು ಮುಗಿಸಿ ಬನ್ನಿ ಕೊಡಲು ಮನೆಮನೆಗೆ ಹೊರಡುವ ಸಮಯ.

ನಮ್ಮ ಮನೆಯವರು ಬಹಳ ಹೊತ್ತು ಅಲ್ಲಿಯೇ ನಿಂತಿದ್ದರು. ಆಮೇಲೆ ಮಗಳಿಗೂ ಅಲ್ಲ, ನಮಗೂ ಅಲ್ಲ ಎಂಬಂತೆ, "ಆ ಹುಡುಗಿ ಈ ಊರನ್ನ ಕಣ್ಣಿಲೆ ನೋಡಲಿಲ್ಲಲ್ರಿ. ಗಂಡ ಎಲ್ಲಿ ಉಂಡ, ಎಲ್ಲಿ ಮಲಗಿದ, ಯಾವ ಗುಡ್ಡ ನೋಡಿದ, ಒಂದೂ ಗೊತ್ತಾಗಲಿಲ್ಲ ಆಕಿಗೆ. ಪದಕ ಒಂದ ಬಂತು" ಎಂದರು. ಮಗಳು ತಾಯಿಯ ಕೈಯನ್ನು ಹಿಡಿದುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ನಮ್ಮ ಕಡೆಗೆ ತಿರುಗಿ, "ಅಪ್ಪಾ, ನಾ ಇಲ್ಲೇ ಇರತೇನಿ. ಇವರು ತಿರುಗಿ ಬಂದಾಗ ಬಾಗಿಲ ತಗೀಲಿಕ್ಕೆ ಒಬ್ಬರು ಬೇಕಲ್ಲ. ಮನಿ ಎರವಲ ಇರಬಹುದು, ಬಾಗಿಲ ತಗಿಯೋದು ಎರವಲ ಅಲ್ಲ" ಎಂದಳು. ನಾವು ಮರುಮಾತಾಡಲಿಲ್ಲ. ಮಾತು ಸಿದ್ಧವಿರಲಿಲ್ಲವೆಂಬುದೂ ನಿಜ.

ಪಾಂಡವರು ಅಜ್ಞಾತವಾಸಕ್ಕೆ ವಿರಾಟನಗರವನ್ನು ಹೊಗುವಾಗ ಆಯುಧಗಳನ್ನು ಬನ್ನಿಯ ಮರದಲ್ಲಿ ಅಡಗಿಸಿಟ್ಟ ಕಥೆಯನ್ನು ನಾವು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೆವೋ ಲೆಕ್ಕವಿಲ್ಲ. ಆಯುಧವನ್ನು ಇಳಿಸಿಟ್ಟು ಪರರ ಊರಿನಲ್ಲಿ ಅಡುಗೆ ಮಾಡಿ, ಕುದುರೆ ಕಾಯ್ದು, ನಾಟ್ಯ ಕಲಿಸಿ ಬಾಳಿದ ಆ ಒಂದು ವರ್ಷವೂ ಅವರ ಬಾಳಿನ ವರ್ಷವೇ ಅಲ್ಲವೇ ಎಂದು ಯಾವ ಹುಡುಗನೂ ನಮ್ಮನ್ನು ಕೇಳಿರಲಿಲ್ಲ, ನಮಗೂ ಹೊಳೆದಿರಲಿಲ್ಲ. ಊರ ಹೊರಗಣ ಇಳಿಜಾರಿನಲ್ಲಿ ಬನ್ನಿ ಎಲ್ಲಿಂದ ಬರಬೇಕು? ಎಲ್ಲೆಲ್ಲಿಯೂ ಆಲಿವ್ ಮರಗಳು. ತೋಟದವನೊಬ್ಬನನ್ನು ಮಗಳು ಅವನ ಭಾಷೆಯಲ್ಲಿ ಕೇಳಿಕೊಂಡು ಒಂದು ಚಿಕ್ಕ ರೆಂಬೆಯನ್ನು ತಂದಳು. ಮೇಲೆ ಹಸುರು, ಕೆಳಗೆ ಬೆಳ್ಳಿಯ ಬಣ್ಣದ ಆ ಎಲೆಗಳನ್ನು ನಾವು ಮೊದಲು ಅಳಿಯಂದಿರ ಕೈಗೆ ಕೊಟ್ಟು, "ಬನ್ನಿ ತೆಗೆದುಕೊಂಡು ಬಂಗಾರದಂತೆ ಇರೋಣ" ಎಂದೆವು. ಅವರು ಕಾಲಿಗೆರಗಿದರು. ಮದುವೆಯಲ್ಲಿಯೂ ಎರಗಿದ್ದರು; ಅಂದು ನಾವು ಆಶೀರ್ವಾದದ ಮಂತ್ರವನ್ನು ಬಾಯಿಂದ ಮಾತ್ರವೇ ಹೇಳಿದ್ದೆವು.

ದೀಪಾವಳಿಗೆ ಮುಂಚೆ ನಾವಿಬ್ಬರೇ ಊರಿಗೆ ಮರಳಿದೆವು. ಹೊರಡುವ ಮುನ್ನ ಮೊಂಟೋನಿನ ಮೇಲೆ ಕುಂಕುಮದ ಚುಕ್ಕೆಯನ್ನು ಇಡುವ ಕೆಲಸವನ್ನು ಮಗಳು ನಮಗೇ ಬಿಟ್ಟಳು. ಅಳಿಯಂದಿರು ದಂಡಿನೊಡನೆ ಹೋದ ಆ ಐದು ತಿಂಗಳು ಮಗಳ ಪತ್ರಗಳಲ್ಲಿ ಅಳಲಿನ ಮಾತು ಇರಲಿಲ್ಲವೆಂದು ಹೇಳಿದರೆ ಸುಳ್ಳಾದೀತು, ಇದ್ದಿತು. ಅದರ ಜೊತೆಗೆ, ಮನೆಯೊಡತಿಯೊಡನೆ ರೈಲಿನಲ್ಲಿ ಹೋಗಿ ಕಂಡುಬಂದ ಊರುಗಳ ವರ್ಣನೆಯೂ ಇದ್ದಿತು. ಫಾಲ್ಗುಣ ಮಾಸದಲ್ಲಿ ಅಳಿಯಂದಿರು ಕ್ಷೇಮವಾಗಿ ತಿರುಗಿ ಬಂದರು.

ಮಕ್ಕಳನ್ನು ದೂರದ ಸೇವೆಗೆ ಕೊಟ್ಟ ಗೃಹಸ್ಥರು ನಮ್ಮಂತೆ ಅನೇಕರಿದ್ದಾರೆ. ಅವರ ಮನೆಗೆ ಬುನಾದಿ ಇದೆಯೋ ಇಲ್ಲವೋ ಎಂದು ಇಲ್ಲಿಂದಲೇ ತೀರ್ಮಾನಿಸುವ ಮೊದಲು, ಸಾಧ್ಯವಾದರೆ ಒಂದು ರಜೆಯ ದಿನ ಅವರ ಜೊತೆಗೆ ತಿರುಗಿ ಬರಬೇಕೆಂದು ನಮ್ಮ ಸೂಚನೆ. ಆ ಆಲಿವ್ ಎಲೆಯೊಂದು ನಮ್ಮ ಅಮರಕೋಶದ ಹಾಳೆಗಳ ನಡುವೆ ಇದೆ. ಬೆಳಗಿನ ಕಹಳೆ ಕೇಳಿದಾಗ ಈಗ ನಾವು ಸ್ನಾನಕ್ಕೆ ಏಳುವ ಮುಂಚೆ ಒಂದು ಕ್ಷಣ ಸುಮ್ಮನೆ ಕುಳಿತುಕೊಳ್ಳುತ್ತೇವೆ.